ಪರದೇಶದಲ್ಲಿ ಒಳ್ಳೆಯ ಫಿಲಿಪಿನೊ ಊಟ ಹುಡುಕುವುದು ಹೇಗೆ? ಬೀದಿಯಿಂದ ತಟ್ಟೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ದುಬೈಯಲ್ಲಿ ನೆಲೆಸಿರುವ ಕನ್ನಡಿಗರಿಂದ ನಾನು ಮತ್ತೆ ಮತ್ತೆ ಕೇಳುವ ದೂರು ಒಂದೇ. ಕಚೇರಿಯಲ್ಲಿ ಫಿಲಿಪಿನೊ ಗೆಳೆಯರು ಮಧ್ಯಾಹ್ನದ ಡಬ್ಬಿ ತೆರೆದಾಗ ಬರುವ ಪರಿಮಳಕ್ಕೆ ಇವರು ಮನಸೋಲುತ್ತಾರೆ. ವಾರದ ಕೊನೆಯ ರಾತ್ರಿ ಮಾಲ್ ಒಂದರ ದೊಡ್ಡ ಹೋಟೆಲಿಗೆ ಹೋಗಿ, ಪಟ್ಟಿಯಲ್ಲಿ ತಮಗೆ ಗೊತ್ತಿರುವ ಒಂದೇ ಹೆಸರಾದ ಅಡೋಬೊ, ಅಂದರೆ ವಿನೆಗರ್ ಮತ್ತು ಸೋಯಾ ಸಾಸಿನಲ್ಲಿ ಬೇಯಿಸಿದ ಮಾಂಸ, ತರಿಸುತ್ತಾರೆ. ‘ಬರೀ ಸಿಹಿ, ಬರೀ ಜಿಡ್ಡು’ ಎಂದು ಎದ್ದು ಬರುತ್ತಾರೆ. ಎರಡನೆಯ ಸಲ ಆ ಕಡೆ ಮುಖ ಹಾಕುವುದಿಲ್ಲ.

ಇಲ್ಲಿ ಕೆಟ್ಟಿರುವುದು ಹುಡುಕಾಟದ ಕ್ರಮ. ಮೊದಲು ಹೋಟೆಲು, ಆಮೇಲೆ ತಿನಿಸು, ಹೊತ್ತಿನ ಬಗ್ಗೆ ಯೋಚನೆಯೇ ಇಲ್ಲ. ಈ ಕ್ರಮವನ್ನು ತಿರುವಿ ಹಾಕಿದರೆ ಊಟವೇ ಬೇರೆಯಾಗುತ್ತದೆ. ನಾನು ಹೇಳುವ ಉದಾಹರಣೆಗಳು ಬಹುಪಾಲು ದುಬೈಯವು. ಆದರೆ ಫಿಲಿಪಿನೊ ಜನ ದುಡಿಯುವ ಯಾವ ಊರಿನಲ್ಲಾದರೂ ಹಂತಗಳು ಇವೇ.

ಹೊರಡುವ ಮುನ್ನ ಬೇಕಾದವು

ಮೊಬೈಲಿನಲ್ಲಿ ನಕ್ಷೆ, ಸ್ವಲ್ಪ ಚಿಲ್ಲರೆ ನಗದು, ಮುಚ್ಚಳ ಬಿಗಿಯಾಗಿ ಕೂರುವ ಒಂದು ಡಬ್ಬಿ, ಸಾಧ್ಯವಾದರೆ ಜೊತೆಗೆ ಇನ್ನಿಬ್ಬರು. ಒಬ್ಬರೇ ಹೋದರೆ ಒಂದೇ ಬಗೆ ತಿಂದು ಬರುತ್ತೀರಿ. ಈ ಊಟ ಮೂರು ಬಗೆ ಒಟ್ಟಿಗೆ ಬಂದಾಗ ಮಾತ್ರ ಸರಿಯಾಗಿ ಅರ್ಥವಾಗುತ್ತದೆ.

ಜೊತೆಗೆ ಒಂದು ಚೀಟಿಯಲ್ಲಿ ಈ ಪದಗಳನ್ನು ಬರೆದಿಟ್ಟುಕೊಳ್ಳಿ: ಬಾಬೊಯ್ ಎಂದರೆ ಹಂದಿ ಮಾಂಸ, ಬಾಕಾ ಎಂದರೆ ದನದ ಮಾಂಸ, ಮನೊಕ್ ಎಂದರೆ ಕೋಳಿ, ಇಸ್ದಾ ಎಂದರೆ ಮೀನು, ಹಿಪೊನ್ ಎಂದರೆ ಸೀಗಡಿ, ಗುಲಾಯ್ ಎಂದರೆ ತರಕಾರಿ, ಮಾಸಿಮ್ ಎಂದರೆ ಹುಳಿ, ಮಾಂಘಾಂಗ್ ಎಂದರೆ ಖಾರ. ಪ್ರಶ್ನೆಯ ಕೊನೆಗೆ ‘ಪೊ’ ಸೇರಿಸಿ. ಅದು ನಮ್ಮ ‘ರೀ’ ಇದ್ದಂತೆ, ಮರ್ಯಾದೆಯ ಮಾತು. ಬಡಿಸುವವರು ಗಂಡಸಾದರೆ ‘ಕುಯಾ’ ಅಂದರೆ ಅಣ್ಣ, ಹೆಂಗಸಾದರೆ ‘ಆತೆ’ ಅಂದರೆ ಅಕ್ಕ ಎಂದು ಕರೆಯಿರಿ. ನಮ್ಮ ಕಿವಿಗೆ ಆತೆ ಎಂಬುದು ಅತ್ತೆಯಂತೆ ಕೇಳಿಸುತ್ತದೆ, ಆದರೆ ಅದು ಅಕ್ಕನೇ. ‘ಹಲೋ’ ಎಂದು ಕರೆದವರಿಗೂ ‘ಆತೆ’ ಎಂದು ಕರೆದವರಿಗೂ ಸಿಗುವ ಉತ್ತರದಲ್ಲಿ ವ್ಯತ್ಯಾಸವಿದೆ ಎಂಬುದು ನನ್ನ ಅನುಭವ.

ಹಂತ 1: ನಿಮ್ಮ ತಟ್ಟೆಯ ಮಿತಿಯನ್ನು ಮನೆಯಲ್ಲೇ ತೀರ್ಮಾನಿಸಿ

ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಎಂಬುದನ್ನು ಅಲ್ಲಿ ನಿಂತು ಯೋಚಿಸಬೇಡಿ. ಹಿಂದೆ ಸಾಲು ಬೆಳೆದಿರುತ್ತದೆ, ಅವಸರದಲ್ಲಿ ತಪ್ಪು ಆಯ್ಕೆಯಾಗುತ್ತದೆ.

ಕೊಲ್ಲಿ ದೇಶಗಳಲ್ಲಿ ಹಂದಿ ಮಾಂಸದ ವಿಷಯ ಬೇರೆಯೇ. ಸೌದಿ ಅರೇಬಿಯಾ ಮತ್ತು ಕುವೈತ್‌ನಲ್ಲಿ ಅದರ ಮಾರಾಟವೇ ನಿಷಿದ್ಧ. ಯುಎಇಯಲ್ಲಿ ಪರವಾನಗಿ ಇರುವ ಕಡೆ, ಪ್ರತ್ಯೇಕ ವಿಭಾಗದಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ ಇಲ್ಲಿನ ಬಹುತೇಕ ಸಣ್ಣ ಫಿಲಿಪಿನೊ ಹೋಟೆಲುಗಳು ಹಂದಿಯ ಜಾಗದಲ್ಲಿ ಕೋಳಿಯನ್ನೋ ದನದ ಮಾಂಸವನ್ನೋ ಹಾಕುತ್ತವೆ. ಕನ್ನಡಿಗರು ಎಡವುವುದು ಇಲ್ಲಿಯೇ. ‘ಹಲಾಲ್’ ಎಂಬ ಫಲಕ ನೋಡಿ ನೆಮ್ಮದಿಯಿಂದ ಕುಳಿತವರ ತಟ್ಟೆಗೆ ದನದ ಮಾಂಸ ಬರುತ್ತದೆ. ಅದನ್ನು ತಿನ್ನದವರು ‘ಮೈ ಬಾಕಾ ಪೊ ಬಾ?’ ಎಂದು, ಅಂದರೆ ಇದರಲ್ಲಿ ದನದ ಮಾಂಸ ಇದೆಯೇ ಎಂದು ಕೇಳಲೇಬೇಕು. ಮೂಳೆಯ ಸಾರಾದ ಬುಲಾಲೊ, ಕಡಲೆಕಾಯಿ ಗಸಿಯ ಕಾರೆ-ಕಾರೆ, ನೆನೆಸಿ ಹುರಿದ ಮಾಂಸದ ತೆಳು ಹೋಳುಗಳಾದ ತಾಪಾ ಈ ಮೂರೂ ಸಾಮಾನ್ಯವಾಗಿ ದನದ ಮಾಂಸದವೇ.

ಸಸ್ಯಾಹಾರಿಗಳಿಗೆ ಕಹಿ ಸತ್ಯವನ್ನು ಮೊದಲೇ ಹೇಳುತ್ತೇನೆ. ತರಕಾರಿ ಪಲ್ಯದಂತೆ ಕಾಣುವುದರಲ್ಲೂ ಮೀನು ಅಥವಾ ಸೀಗಡಿ ಇರುತ್ತದೆ. ಪಿನಕ್‌ಬೆಟ್‌ನಲ್ಲಿ ಹಾಗಲಕಾಯಿ, ಬದನೆ, ಬೆಂಡೆ, ಸಿಹಿಗುಂಬಳ ಎಲ್ಲ ಕಾಣುತ್ತವೆ, ಆದರೆ ಅದರ ಜೀವವೇ ಬಗೊಓಂಗ್, ಅಂದರೆ ಉಪ್ಪು ಹಾಕಿ ಹುದುಗಿಸಿದ ಸೀಗಡಿ ಅಥವಾ ಮೀನಿನ ಗೊಜ್ಜು. ಹೆಸರುಕಾಳಿನ ಮುಂಗೊ ಸಾರಿನಲ್ಲೂ ಒಣಮೀನೋ ಮಾಂಸದ ಚೂರೋ ಸೇರಿರುತ್ತದೆ. ‘ಮಾಂಸ ಇಲ್ಲ ತಾನೆ?’ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತಾರೆ. ಅದು ಸುಳ್ಳಲ್ಲ, ಅವರ ಲೆಕ್ಕದಲ್ಲಿ ಸೀಗಡಿ ಗೊಜ್ಜು ಒಂದು ಮಸಾಲೆ. ಆದ್ದರಿಂದ ಒಂದೊಂದನ್ನೂ ಹೆಸರು ಹಿಡಿದೇ ಕೇಳಬೇಕು: ಬಗೊಓಂಗ್ ಇದೆಯೇ, ಮೀನಿನ ಉಪ್ಪುನೀರಾದ ಪತಿಸ್ ಇದೆಯೇ, ಹಿಪೊನ್ ಇದೆಯೇ. ಶುದ್ಧ ಸಸ್ಯಾಹಾರಿಗಳು ಸಂಜೆಯ ತಿಂಡಿಗಳ ಕಡೆ ಹೋಗುವುದು ಜಾಣತನ. ಬಾಳೆಹಣ್ಣು ಮತ್ತು ಹಲಸಿನ ತೊಳೆಯನ್ನು ಹಿಟ್ಟಿನ ತೆಳು ಹಾಳೆಯಲ್ಲಿ ಸುತ್ತಿ ಕರಿದ ತುರೋನ್, ತೆಂಗಿನಹಾಲಿನಲ್ಲಿ ಬೇಯಿಸಿದ ಅಂಟಕ್ಕಿಯ ಬಿಕೊ, ಬೆಲ್ಲದ ಪಾಕ ಹಾಕಿದ ಮೃದು ತೋಫುವಿನ ತಾಹೊ ಇವು ಸಿಗುತ್ತವೆ.

ಕಡಲೆಕಾಯಿ ಒಗ್ಗದವರು ಕಾರೆ-ಕಾರೆಯಿಂದ ದೂರವಿರಿ. ಅದರ ಗಸಿಯೇ ಕಡಲೆಕಾಯಿಯದು.

ಹಂತ 2: ಹೋಟೆಲು ಬಿಡಿ, ಬೀದಿ ಹುಡುಕಿ

ನಕ್ಷೆಯಲ್ಲಿ ‘ಫಿಲಿಪಿನೊ ಹೋಟೆಲ್’ ಎಂದು ಹುಡುಕಿದರೆ ಪ್ರಚಾರಕ್ಕೆ ಹಣ ಸುರಿಯುವವು ಮೇಲೆ ಬರುತ್ತವೆ. ಅದರ ಬದಲು ಫಿಲಿಪಿನೊ ಜನರ ದಿನನಿತ್ಯದ ಕೆಲಸಗಳು ಎಲ್ಲಿ ನಡೆಯುತ್ತವೆ ಎಂದು ನೋಡಿ. ಮನೆಗೆ ಹಣ ಕಳುಹಿಸುವ ಅಂಗಡಿ, ಬಾಲಿಕ್‌ಬಯಾನ್ ಪೆಟ್ಟಿಗೆ ಎಂಬ ದೊಡ್ಡ ರಟ್ಟಿನ ಡಬ್ಬಗಳನ್ನು ಹಡಗಿನಲ್ಲಿ ಊರಿಗೆ ಸಾಗಿಸುವ ಕಾರ್ಗೊ ಕಚೇರಿ, ಪಾನ್‌ದೆಸಾಲ್ ಬ್ರೆಡ್ ಸುಡುವ ಬೇಕರಿ. ಈ ಮೂರರಲ್ಲಿ ಎರಡು ಒಂದೇ ಬೀದಿಯಲ್ಲಿ ಕಂಡರೆ ಅಲ್ಲೇ ಇಳಿದು ನಡೆಯಿರಿ. ಊಟದ ಮನೆ ಇನ್ನೂರು ಹೆಜ್ಜೆಯೊಳಗೆ ಇರುತ್ತದೆ.

ದುಬೈಯಲ್ಲಾದರೆ ಸತ್ವಾ, ಕರಾಮಾ, ಮತ್ತು ದೇರಾದ ಅಲ್ ರಿಗ್ಗಾ ಸುತ್ತಮುತ್ತ. ನಾನು ಹೊಸಬರನ್ನು ಮೊದಲು ಸತ್ವಾಕ್ಕೆ ಕಳುಹಿಸುತ್ತೇನೆ, ಏಕೆಂದರೆ ಅಲ್ಲಿ ಎಲ್ಲವೂ ಕಾಲ್ನಡಿಗೆಯ ದೂರ. ಸಿಂಗಪುರದಲ್ಲಿ ಆರ್ಚರ್ಡ್ ರಸ್ತೆಯ ಲಕ್ಕಿ ಪ್ಲಾಜಾ, ಹಾಂಗ್‌ಕಾಂಗ್‌ನಲ್ಲಿ ಸೆಂಟ್ರಲ್ ಪ್ರದೇಶದ ವರ್ಲ್ಡ್-ವೈಡ್ ಹೌಸ್, ಲಂಡನ್ನಿನಲ್ಲಿ ಅರ್ಲ್ಸ್ ಕೋರ್ಟ್, ನ್ಯೂಯಾರ್ಕಿನಲ್ಲಿ ಕ್ವೀನ್ಸ್‌ನ ವುಡ್‌ಸೈಡ್, ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಡೇಲಿ ಸಿಟಿ ಈ ಕೆಲಸಕ್ಕೆ ಒದಗುವ ಜಾಗಗಳು.

ಫಲಕದಲ್ಲಿ ‘ತುರೊ-ತುರೊ’ ಅಥವಾ ‘ಕರಿಂಡೆರಿಯಾ’ ಎಂಬ ಪದವಿದ್ದರೆ ಒಳಗೆ ಹೋಗಲು ಅಂಜಬೇಡಿ. ತುರೊ ಎಂದರೆ ಬೆರಳು ತೋರಿಸುವುದು. ಮಾಡಿಟ್ಟ ಅಡುಗೆಗಳು ಗಾಜಿನ ಹಿಂದೆ ಸಾಲಾಗಿರುತ್ತವೆ, ನೀವು ತೋರಿಸುತ್ತೀರಿ, ಅವರು ಬಡಿಸುತ್ತಾರೆ. ಭಾಷೆ ಬಾರದವರಿಗೆ ಇದಕ್ಕಿಂತ ಸುಲಭದ ವ್ಯವಸ್ಥೆ ಇಲ್ಲ.

ಮಾಲ್‌ಗಳಲ್ಲಿರುವ ಜಾಲಿಬೀಯಂಥ ಸರಣಿ ಅಂಗಡಿಗಳ ಬಗ್ಗೆ ಒಂದು ಮಾತು. ಅಲ್ಲಿನ ಸ್ಪಗೆಟ್ಟಿ ಸಿಹಿಯಾಗಿರುವುದು ಉದ್ದೇಶಪೂರ್ವಕ. ಮಕ್ಕಳ ಹುಟ್ಟುಹಬ್ಬದ ತಿನಿಸು ಅದು. ಕರಿದ ಕೋಳಿ ತಿನ್ನಲು ಖಂಡಿತ ಹೋಗಿ. ಆದರೆ ಅಲ್ಲಿನ ರುಚಿಯಿಂದ ಒಂದು ದೇಶದ ಊಟವನ್ನು ಅಳೆಯಬೇಡಿ.

ಹಂತ 3: ದಿನ ಮತ್ತು ಹೊತ್ತು ನೋಡಿ ಹೊರಡಿ

ನಾನು ಮೊದಲ ಸಲ ಹೋದದ್ದು ಮಂಗಳವಾರ ಮಧ್ಯಾಹ್ನ ಮೂರೂವರೆಗೆ. ಸಾರಿನಲ್ಲಿದ್ದ ಸೊಪ್ಪು ಕಪ್ಪಾಗಿತ್ತು, ಕರಿದ ಮೀನು ಚರ್ಮದ ಚೀಲದಂತೆ ಜೋತಿತ್ತು. ಆರು ತಿಂಗಳು ಆ ಕಡೆ ಹೋಗಲಿಲ್ಲ. ಫಿಲಿಪೀನ್ಸಿನ ಇಲೋಯಿಲೊದಿಂದ ಬಂದ ಸಹೋದ್ಯೋಗಿ ಒಬ್ಬರು ಅದೇ ಜಾಗಕ್ಕೆ ಭಾನುವಾರ ಹನ್ನೊಂದೂವರೆಗೆ ಕರೆದುಕೊಂಡು ಹೋದರು. ಅದೇ ಅಡುಗೆಯವರು, ಅದೇ ಪಾತ್ರೆಗಳು, ಆದರೆ ಊಟ ಮಾತ್ರ ಬೇರೆಯೇ ಆಗಿತ್ತು.

ಮಾಡಿಟ್ಟು ಬಡಿಸುವ ಊಟಕ್ಕೆ ಗಡಿಯಾರವೇ ಮುಖ್ಯ. ಮಧ್ಯಾಹ್ನದ ಅಡುಗೆ ಹನ್ನೊಂದರ ಸುಮಾರಿಗೆ ಇಳಿಯುತ್ತದೆ. ಹನ್ನೊಂದೂವರೆಯಿಂದ ಹನ್ನೆರಡೂವರೆ ಒಳ್ಳೆಯ ಹೊತ್ತು. ಸಂಜೆಗೆ ಹೊಸದಾಗಿ ಬೇಯಿಸುವ ಕಡೆಗಳಲ್ಲಿ ಆರರಿಂದ ಏಳು. ಮಧ್ಯಾಹ್ನ ಎರಡರಿಂದ ಐದರವರೆಗೆ ಊಟಕ್ಕೆ ಹೋಗಲೇಬೇಡಿ. ಆ ಹೊತ್ತಿನಲ್ಲಿ ಹೋಗಬೇಕಾಗಿ ಬಂದರೆ ಆಗಿಂದಾಗ್ಗೆ ಮಾಡಿಕೊಡುವ ಸಿಲೋಗ್ ತರಿಸಿ: ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಮೊಟ್ಟೆ, ಜೊತೆಗೊಂದು ಮಾಂಸ ಅಥವಾ ಮೀನು. ತಾಪಾ ಜೊತೆಗಿದ್ದರೆ ತಾಪ್‌ಸಿಲೋಗ್, ಲೊಂಗನಿಸಾ ಎಂಬ ಸಾಸೇಜ್ ಜೊತೆಗಿದ್ದರೆ ಲೊಂಗ್‌ಸಿಲೋಗ್. ಮೂಲತಃ ಬೆಳಗಿನ ಊಟವಾದರೂ ಅನೇಕ ಕಡೆ ದಿನವಿಡೀ ಸಿಗುತ್ತದೆ.

ದಿನದ ಲೆಕ್ಕ ಊರಿನ ರಜೆಯನ್ನು ಅವಲಂಬಿಸಿದೆ. ಯುಎಇಯ ಸರ್ಕಾರಿ ವಾರಾಂತ್ಯ 2022ರ ಜನವರಿಯಿಂದ ಶನಿವಾರ ಮತ್ತು ಭಾನುವಾರಕ್ಕೆ ಬದಲಾಗಿದೆ, ಶುಕ್ರವಾರ ಅರ್ಧ ದಿನ ಕೆಲಸ. ಭಾನುವಾರ ಊದ್ ಮೇಥಾದ ಸೇಂಟ್ ಮೇರೀಸ್ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಕುಟುಂಬಗಳು ಕರಾಮಾ, ಸತ್ವಾ ಕಡೆ ಊಟಕ್ಕೆ ಸೇರುತ್ತವೆ. ಅಡುಗೆಯವರು ತಮ್ಮ ಜನಕ್ಕಾಗಿ ಮನಸಿಟ್ಟು ಮಾಡುವ ದಿನ ಅದು. ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸದ ಹೆಚ್ಚಿನವರಿಗೆ ರಜೆ ಭಾನುವಾರವೇ. ಅಂದು ಸೆಂಟ್ರಲ್ ಪ್ರದೇಶದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದ್ದರಿಂದ ಬೆಳಗ್ಗೆಯೇ ಹೋಗಬೇಕು.

ಶುಕ್ರವಾರಕ್ಕೊಂದು ವಿಶೇಷವಿದೆ. ಕ್ಯಾಥೊಲಿಕರು ಮಾಂಸ ಬಿಡುತ್ತಿದ್ದ ದಿನವಾದ್ದರಿಂದ ಅಂದು ಹೆಸರುಕಾಳಿನ ಮುಂಗೊ ಬೇಯಿಸುವುದು ಫಿಲಿಪಿನೊ ಮನೆಗಳ ರೂಢಿ. ಹೆಸರುಕಾಳು, ಬೆಳ್ಳುಳ್ಳಿ, ಟೊಮೆಟೊ, ಕೊನೆಗೆ ಒಂದು ಹಿಡಿ ನುಗ್ಗೆ ಸೊಪ್ಪು ಅಥವಾ ಹಾಗಲ ಎಲೆ. ನಮ್ಮ ನಾಲಿಗೆಗೆ ಇದಕ್ಕಿಂತ ಹತ್ತಿರದ್ದು ಆ ಸಾಲಿನಲ್ಲಿ ಇನ್ನೊಂದಿಲ್ಲ. ಶುಕ್ರವಾರದಂದು ಮುಂಗೊ ಇಡುವ ಅಂಗಡಿ ಮನೆಯ ಪದ್ಧತಿ ಮರೆಯದ ಅಂಗಡಿ ಎಂದು ನಾನು ತಿಳಿಯುತ್ತೇನೆ.

ಹಂತ 4: ಗಾಜಿನ ಹಿಂದಿನ ಪಾತ್ರೆಗಳನ್ನು ಓದಿ

ಒಳಗೆ ಹೋದ ತಕ್ಷಣ ಬೆರಳು ತೋರಿಸಬೇಡಿ. ಒಂದು ಸಲ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿ. ಎರಡು ನಿಮಿಷದ ಈ ನಡಿಗೆ ಅರ್ಧ ನಿರಾಶೆಯನ್ನು ತಪ್ಪಿಸುತ್ತದೆ.

ಪಾತ್ರೆಗಳಲ್ಲಿ ಎರಡು ಜಾತಿ ಇವೆ. ಹೊತ್ತು ಕಳೆದಷ್ಟೂ ರುಚಿಯಾಗುವವು ಒಂದು ಜಾತಿ. ಹೊತ್ತು ಕಳೆದರೆ ಸಾಯುವವು ಇನ್ನೊಂದು. ಸುಕಾ ಎಂಬ ವಿನೆಗರ್ ಹಾಕಿದ ಅಡೋಬೊ ಮತ್ತು ಪಕ್ಸಿವ್ ಮೊದಲನೆಯ ಜಾತಿಗೆ ಸೇರುತ್ತವೆ. ನಿನ್ನೆಯ ಮೀನು ಸಾರು ಇಂದು ರುಚಿ ಎಂದು ನಮ್ಮ ಕರಾವಳಿಯವರು ಹೇಳುವ ಹಾಗೆಯೇ ನಿನ್ನೆಯ ಅಡೋಬೊವನ್ನು ಫಿಲಿಪಿನೊ ಜನ ಮೆಚ್ಚುತ್ತಾರೆ. ತೆಂಗಿನಹಾಲಿನಲ್ಲಿ ಕೆಸುವಿನ ಎಲೆ ಬೇಯಿಸಿದ ಲಾಯಿಂಗ್ ಕೂಡ ತಡೆದುಕೊಳ್ಳುತ್ತದೆ. ಅದರ ಮೇಲೆ ಎಣ್ಣೆ ತೇಲಿದ್ದರೆ ಮುಖ ಸಿಂಡರಿಸಬೇಡಿ, ತೆಂಗಿನಹಾಲು ಚೆನ್ನಾಗಿ ಬತ್ತಿ ಎಣ್ಣೆ ಬಿಟ್ಟಿದೆ ಎಂದರ್ಥ. ಲಾಯಿಂಗ್ ಹಾಲುಹಾಲಾಗಿ, ತೆಳ್ಳಗೆ ಕಂಡರೆ ಅದು ಅರೆಬೆಂದದ್ದು. ಕೆಸುವಿನ ಎಲೆ ಅರೆಬೆಂದರೆ ಗಂಟಲು ತುರಿಸುತ್ತದೆ ಎಂಬುದನ್ನು ಪತ್ರೊಡೆ ತಿಂದವರಿಗೆ ಹೇಳಬೇಕಾಗಿಲ್ಲ.

ಎರಡನೆಯ ಜಾತಿಯಲ್ಲಿ ಹುಳಿ ಸಾರಾದ ಸಿನಿಗಾಂಗ್, ಶುಂಠಿ ಹಾಕಿದ ಕೋಳಿ ಸಾರಾದ ತಿನೊಲಾ, ಹುರಿದ ಶಾವಿಗೆಯ ಪಾನ್ಸಿತ್, ಸುರುಳಿ ಸುತ್ತಿ ಕರಿದ ಲುಂಪಿಯಾ ಮತ್ತು ಕರಿದದ್ದೆಲ್ಲ ಬರುತ್ತವೆ. ಸಿನಿಗಾಂಗ್ ಸಾರಿನಲ್ಲಿ ಕಾಂಗ್‌ಕೊಂಗ್ ಸೊಪ್ಪು ಹಸಿರಾಗಿರಬೇಕು. ಕಂದಾಗಿದ್ದರೆ ಬೆಳಗಿನಿಂದ ಕುದಿಯುತ್ತಿದೆ, ಬಿಡಿ. ಪಾನ್ಸಿತ್ ಶಾವಿಗೆಯ ಅಂಚು ಒಣಗಿ ಮುರಿಯುವಂತಿದ್ದರೆ ಬಿಡಿ. ಲುಂಪಿಯಾ ಬಾಗಿದ್ದರೆ ಬಿಡಿ. ಕೇಳಲು ಒಂದು ಮಾತು: ‘ಬಾಗೊಂಗ್ ಲುತೊ ಪೊ ಬಾ?’ ಈಗ ತಾನೇ ಮಾಡಿದ್ದೇ ಎಂದು ಅರ್ಥ. ಬಾಗೊಂಗ್ ಎಂದರೆ ಹೊಸದು, ಬಗೊಓಂಗ್ ಎಂದರೆ ಸೀಗಡಿ ಗೊಜ್ಜು; ಉಚ್ಚಾರಣೆ ತಪ್ಪಿದರೆ ಗೊಜ್ಜಿನ ಬಟ್ಟಲು ಬರುತ್ತದೆ.

ಕಾರೆ-ಕಾರೆಗೆ ಒಂದು ಖಚಿತ ಪರೀಕ್ಷೆ ಇದೆ. ಅದರ ಗಸಿಗೆ ಉಪ್ಪು ಕಡಿಮೆಯೇ ಇರುತ್ತದೆ, ಉಪ್ಪು ಬರುವುದು ಪಕ್ಕದಲ್ಲಿಡುವ ಬಗೊಓಂಗ್‌ನಿಂದ. ಬಗೊಓಂಗ್ ಇಲ್ಲದೆ ಕಾರೆ-ಕಾರೆ ಬಡಿಸುವ ಜಾಗದಲ್ಲಿ ಉಳಿದದ್ದನ್ನೂ ನಂಬಬೇಡಿ. ಅದನ್ನು ‘ಸಪ್ಪೆ’ ಎಂದು ದೂರುವವರು ಬಹುಮಟ್ಟಿಗೆ ಬಗೊಓಂಗ್ ಮುಟ್ಟದೆ ತಿಂದವರು.

ಇಪ್ಪತ್ತೈದು ಬಗೆ ಸಾಲಾಗಿ ಇಟ್ಟು, ಒಳಗೆ ನಾಲ್ಕೇ ಜನ ಕುಳಿತಿದ್ದರೆ ಅದು ಅಪಾಯದ ಗುರುತು. ಎಂಟು ಹತ್ತು ಬಗೆ, ಅರ್ಧ ಖಾಲಿಯಾದ ಪಾತ್ರೆಗಳು, ಒಳಗಿನಿಂದ ಹೊಸ ಪಾತ್ರೆ ಹೊರಬರುತ್ತಿರುವುದು, ಸಮವಸ್ತ್ರದಲ್ಲೇ ಊಟಕ್ಕೆ ಬಂದ ದಾದಿಯರು, ಅಂಗಡಿ ನೌಕರರು ಕಂಡರೆ ಕುಳಿತುಕೊಳ್ಳಿ.

ಹಂತ 5: ಅಡುಗೆಯವರ ಊರು ಕೇಳಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವೂ ಇದೇ. ಧಾರವಾಡದವರ ಕೈಯ ರೊಟ್ಟಿಯನ್ನು ಬಿಟ್ಟು ಅವರಿಂದ ನೀರುದೋಸೆ ಮಾಡಿಸಿ ತಿಂದು ಕರ್ನಾಟಕದ ಊಟ ಹೀಗೆ ಎಂದು ತೀರ್ಮಾನಿಸಿದರೆ ಹೇಗೆ? ಫಿಲಿಪೀನ್ಸ್ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ. ಹೋಟೆಲಿನ ಪಟ್ಟಿಯಲ್ಲಿ ಎಲ್ಲ ಪ್ರಾಂತ್ಯಗಳ ಅಡುಗೆಯೂ ಇರುತ್ತದೆ, ಆದರೆ ಅಡುಗೆಯವರ ಕೈಗೆ ಬರುವುದು ಅವರವರ ಊರಿನದು.

‘ಆತೆ, ತಗಾ ಸಾಆನ್ ಪೊ ಕಯೊ?’ ಅಕ್ಕಾ, ನೀವು ಯಾವ ಊರಿನವರು? ಇಷ್ಟು ಕೇಳಿ. ಉತ್ತರ ಬಂದ ಮೇಲೆ ತಿನಿಸನ್ನು ಆರಿಸಿ.

ಬಿಕೋಲ್ ಎಂದರೆ ಲಾಯಿಂಗ್ ಮತ್ತು ಖಾರದ ಮಾಂಸದಡುಗೆಯಾದ ಬಿಕೋಲ್ ಎಕ್ಸ್‌ಪ್ರೆಸ್. ತೆಂಗಿನಹಾಲು ಮತ್ತು ಹಸಿಮೆಣಸಿನಕಾಯಿಯ ಸೀಮೆ. ಫಿಲಿಪಿನೊ ಊಟದಲ್ಲಿ ಖಾರವೇ ಇಲ್ಲ ಎನ್ನುವವರು ಇಲ್ಲಿಂದಲೇ ಶುರು ಮಾಡಬೇಕು. ಪಂಪಾಂಗಾ ಎಂದರೆ ಕಾದ ಕಬ್ಬಿಣದ ತಟ್ಟೆಯ ಮೇಲೆ ಸಿಡಿಯುತ್ತಾ ಬರುವ, ಸಣ್ಣಗೆ ಕೊಚ್ಚಿದ ಮಾಂಸದ ಸಿಸಿಗ್. ಕೊಲ್ಲಿಯ ಊರುಗಳಲ್ಲಿ ಅದು ಹೆಚ್ಚಾಗಿ ಕೋಳಿಯದ್ದು. ಇಲೋಕೋಸ್ ಎಂದರೆ ಪಿನಕ್‌ಬೆಟ್. ಬತಾಂಗಾಸ್ ಎಂದರೆ ಮೂಳೆಯ ಬುಲಾಲೊ ಸಾರು. ಬಕೊಲೊದ್ ಎಂದರೆ ಇನಾಸಾಲ್: ವಿನೆಗರ್, ಲಿಂಬೆಜಾತಿಯ ಕಲಮನ್ಸಿ, ಮಜ್ಜಿಗೆಹುಲ್ಲು, ಶುಂಠಿಯಲ್ಲಿ ನೆನೆಸಿ, ಅನ್ನಾಟೊ ಬೀಜದ ಕೆಂಪೆಣ್ಣೆ ಸವರುತ್ತಾ ಕೆಂಡದ ಮೇಲೆ ಸುಟ್ಟ ಕೋಳಿ.

ಇಲೋಯಿಲೊದವರು ಸಿಕ್ಕರೆ ಬಿಡಬೇಡಿ. ಬಾಚೊಯ್ ಎಂಬ ಶಾವಿಗೆ ಸಾರು ಎಲ್ಲರಿಗೂ ಗೊತ್ತು, ಆದರೆ ನೀವು ಕೇಳಬೇಕಾದದ್ದು ಕಾದ್ಯೋಸ್ ಮತ್ತು ಲಾಂಗ್ಕಾ ಹಾಕಿದ ಸಾರು. ಕಾದ್ಯೋಸ್ ಎಂದರೆ ತೊಗರಿ, ಲಾಂಗ್ಕಾ ಎಂದರೆ ಹಲಸು. ಊರಿನಲ್ಲಿ ಅದಕ್ಕೆ ಹಂದಿ ಮಾಂಸ ಸೇರಿಸುತ್ತಾರೆ, ದುಬೈಯಲ್ಲಿ ಕೋಳಿ. ಅದಕ್ಕೆ ಹುಳಿ ಕೊಡುವುದು ಬತ್ವಾನ್ ಎಂಬ ಕಾಯಿ. ಇದು ನಮ್ಮ ಪುನರ್ಪುಳಿಯದೇ ಕುಲದ ಮರದ್ದು. ದಕ್ಷಿಣ ಕನ್ನಡದ ಗೆಳೆಯರೊಬ್ಬರು ಮೊದಲ ಗುಟುಕಿಗೇ ಚಮಚ ಕೆಳಗಿಟ್ಟು ಸುಮ್ಮನೆ ಕುಳಿತದ್ದನ್ನು ನಾನು ನೋಡಿದ್ದೇನೆ. ಮನೆಯ ಹುಳಿ ಪರದೇಶದ ತಟ್ಟೆಯಲ್ಲಿ ಸಿಕ್ಕಾಗ ಮಾತು ಹೊರಡುವುದಿಲ್ಲ.

ಮಿಂದನಾವೊ ದ್ವೀಪದ ಮರನಾವೊ ಜನ ಮುಸಲ್ಮಾನರು. ಅವರ ಪಲಾಪಾ ಸಣ್ಣ ಈರುಳ್ಳಿಯ ಜಾತಿಯ ಸೊಪ್ಪು, ಶುಂಠಿ, ಮೆಣಸಿನಕಾಯಿ ಕುಟ್ಟಿ ಮಾಡಿದ ಖಾರದ ಚಟ್ನಿ. ಇದು ಪಟ್ಟಿಯಲ್ಲಿ ಬರೆದಿರುವುದು ಅಪರೂಪ. ಆದರೆ ಅಡುಗೆಯವರು ಆ ಕಡೆಯವರಾದರೆ ಒಳಗೆ ತಮಗಾಗಿ ಒಂದು ಬಾಟಲಿ ಇಟ್ಟಿರುವ ಸಾಧ್ಯತೆ ಹೆಚ್ಚು. ಮರ್ಯಾದೆಯಿಂದ ಕೇಳಿ.

ಹಂತ 6: ಮೊದಲ ತಟ್ಟೆಯನ್ನು ಹೀಗೆ ಕಟ್ಟಿ

ಮೂರು ಜನರಿಗೆ ಒಂದು ಹುಳಿ ಸಾರು, ಒಂದು ಸುಟ್ಟದ್ದು ಅಥವಾ ಕರಿದದ್ದು, ಒಂದು ತೆಂಗಿನಹಾಲಿನದ್ದು ಅಥವಾ ತರಕಾರಿಯದ್ದು. ಎಲ್ಲರಿಗೂ ಬಿಳಿ ಅನ್ನ. ಉದಾಹರಣೆಗೆ ಸೀಗಡಿಯ ಸಿನಿಗಾಂಗ್, ಇನಾಸಾಲ್, ಲಾಯಿಂಗ್. ಅಡೋಬೊ ಮತ್ತು ಕಾರೆ-ಕಾರೆಯನ್ನು ಒಟ್ಟಿಗೆ ತರಿಸುವುದು ದೊಡ್ಡ ತಪ್ಪು. ಎರಡೂ ಭಾರ, ಎರಡೂ ಗಟ್ಟಿ; ನಡುವೆ ನಾಲಿಗೆ ತೊಳೆಯುವ ಹುಳಿ ಇಲ್ಲದಿದ್ದರೆ ಜಿಡ್ಡು ಎನ್ನಿಸದೆ ಇನ್ನೇನು?

ಸಾರನ್ನು ಊಟಕ್ಕೆ ಮುಂಚೆ ಕುಡಿಯುವ ಸೂಪಿನಂತೆ ಮುಗಿಸಬೇಡಿ. ನಾವು ಸಾರನ್ನ ಕಲಸುವಂತೆಯೇ ಅನ್ನದ ಮೇಲೆ ಸುರಿದುಕೊಂಡು ತಿನ್ನುವುದಕ್ಕೇ ಅದು ಇರುವುದು. ಕೈಯಲ್ಲಿ ತಿಂದರೂ ಯಾರೂ ತಿರುಗಿ ನೋಡುವುದಿಲ್ಲ. ಕೈಯೂಟಕ್ಕೆ ಅವರಲ್ಲೂ ಕಮಾಯಾನ್ ಎಂಬ ಹೆಸರೇ ಇದೆ.

ಹೋಟೆಲಿಗೆ ಅಂಕ ಕೊಡುವುದಿದ್ದರೆ ಸಿನಿಗಾಂಗ್ ಒಂದರಿಂದಲೇ ಕೊಡಿ. ಹುಳಿ ಮೊದಲು ತಾಗಬೇಕು, ಆಮೇಲೆ ಟೊಮೆಟೊ ಮತ್ತು ಮೂಲಂಗಿಯ ಸಿಹಿ, ಕೊನೆಗೆ ಇಡಿಯಾಗಿ ತೇಲಿಬಿಟ್ಟ ಹಸಿಮೆಣಸಿನಕಾಯಿಯ ಘಮ. ಹೆಚ್ಚಿನ ಕಡೆ ಸಿದ್ಧ ಪುಡಿಯನ್ನೇ ಹಾಕುತ್ತಾರೆ, ಅಷ್ಟಕ್ಕೇ ತಿರಸ್ಕರಿಸಬೇಡಿ. ಆದರೆ ಹುಳಿ ಗಂಟಲಿಗೆ ಚುಚ್ಚಿ ಮಾಯವಾಗಿ ಉಪ್ಪಷ್ಟೇ ನಾಲಿಗೆಯಲ್ಲಿ ಉಳಿದರೆ ಅಲ್ಲಿ ಪುಡಿ ಬಿಟ್ಟರೆ ಬೇರೇನೂ ಇಲ್ಲ.

ಹಂತ 7: ಮೇಜಿನ ಮೇಲಿನ ಬಾಟಲಿಗಳನ್ನು ಬಳಸಿ

ಈ ಊಟ ಅಡುಗೆಮನೆಯಲ್ಲಿ ಮುಗಿಯುವುದಿಲ್ಲ, ಮೇಜಿನ ಮೇಲೆ ಮುಗಿಯುತ್ತದೆ. ಸಣ್ಣ ಬಟ್ಟಲಿನಲ್ಲಿ ನೀವೇ ಕಲಸಿಕೊಳ್ಳುವ ಅದ್ದುಗೊಜ್ಜಿಗೆ ಸವ್‌ಸವಾನ್ ಎನ್ನುತ್ತಾರೆ. ಸಾರಿನ ಮೀನಿಗೆ ಪತಿಸ್ ಮತ್ತು ಕಲಮನ್ಸಿ. ಸುಟ್ಟದ್ದಕ್ಕೆ ಸೋಯಾ ಸಾಸ್, ಕಲಮನ್ಸಿ, ಜಜ್ಜಿದ ಸಣ್ಣ ಮೆಣಸಿನಕಾಯಿ. ಕರಿದದ್ದಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕಿದ ವಿನೆಗರ್. ಮೊದಲು ಏನೂ ಹಾಕದೆ ಒಂದು ತುತ್ತು ತಿನ್ನಿ, ಆಮೇಲೆ ಅದ್ದಿ. ಅನ್ನದ ಮೇಲೆ ಸುರಿಯಬೇಡಿ, ಉಪ್ಪಾಗುತ್ತದೆ. ಅಂಗಡಿಯವರೇ ಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿಯನ್ನು ವಿನೆಗರ್‌ನಲ್ಲಿ ವಾರಗಟ್ಟಲೆ ನೆನೆಸಿಟ್ಟ ಸಿನಮಾಕ್ ಬಾಟಲಿ ಕಂಡರೆ ಆ ಜಾಗಕ್ಕೆ ಮತ್ತೆ ಬನ್ನಿ.

ಹಂತ 8: ಮನೆಯಲ್ಲಿ ಮಾಡಿ ಕೊಡುವವರಿಂದ ತರಿಸುವುದಾದರೆ

ಅತ್ಯುತ್ತಮ ಊಟ ಕೆಲವೊಮ್ಮೆ ಹೋಟೆಲಿನಲ್ಲಿ ಸಿಗುವುದೇ ಇಲ್ಲ. ಲುತೊಂಗ್ ಬಾಹಾಯ್, ಅಂದರೆ ಮನೆಯಡುಗೆ, ಮಾಡಿ ಮಾರುವವರ ನಂಟು ಸಹೋದ್ಯೋಗಿಗಳ ಮೂಲಕವೇ ಸಿಗಬೇಕು. ಆದರೆ ಮನೆಯಲ್ಲಿ ಬೇಯಿಸಿ ಮಾರುವುದಕ್ಕೂ ಅನೇಕ ಊರುಗಳಲ್ಲಿ ಪರವಾನಗಿ ಬೇಕು. ಅದು ಇದೆಯೇ ಎಂದು ಕೇಳಿಯೇ ವ್ಯವಹರಿಸಿ. ಇಲ್ಲದಿದ್ದರೆ ತೊಂದರೆಗೆ ಸಿಲುಕುವುದು ಅಡುಗೆ ಮಾಡಿಕೊಟ್ಟವರು. ಮೊದಲ ಸಲ ಪೂರ್ತಿ ಹಣ ಮುಂಗಡ ಕೊಡಬೇಡಿ. ಬೇಸಿಗೆಯಲ್ಲಿ ಸೀಗಡಿ, ತೆಂಗಿನಹಾಲಿನ ಅಡುಗೆಗಳನ್ನು ದೂರದಿಂದ ತರಿಸಬೇಡಿ. ನಲವತ್ತೈದು ಡಿಗ್ರಿ ಬಿಸಿಲಲ್ಲಿ ಒಂದು ಗಂಟೆ ತಿರುಗಿದ ತೆಂಗಿನಹಾಲು ಹಳಸಿರಬಹುದು. ಹುಳಿ ವಾಸನೆ ಬಂದರೆ ಕುದಿಸಿ ಉಳಿಸಿಕೊಳ್ಳುವ ಯೋಚನೆ ಬೇಡ, ಚೆಲ್ಲಿ.

ಹಂತ 9: ಊರಿನಲ್ಲಿ ಅಂಥ ಬೀದಿಯೇ ಇಲ್ಲದಿದ್ದರೆ

ಜರ್ಮನಿಯ ಸಣ್ಣ ಊರಿನಲ್ಲೋ ಅಮೆರಿಕದ ಒಳನಾಡಿನಲ್ಲೋ ಇರುವವರಿಗೆ ಇರುವ ದಾರಿ ಸ್ವಂತ ಒಲೆ. ಪೂರ್ವ ಏಷ್ಯಾದ ದಿನಸಿ ಅಂಗಡಿಯಿಂದ ಮೂರೇ ಬಾಟಲಿ ತನ್ನಿ: ಪತಿಸ್, ಕಬ್ಬಿನ ವಿನೆಗರ್, ಫಿಲಿಪಿನೊ ಸೋಯಾ ಸಾಸ್. ದಟ್ಟ ಕಪ್ಪಿನ ಚೀನೀ ಸೋಯಾ ಸಾಸ್ ಹಾಕಿದರೆ ಅಡೋಬೊ ಇದ್ದಿಲಿನ ಬಣ್ಣವಾಗುತ್ತದೆ. ಉಳಿದದ್ದೆಲ್ಲ ಭಾರತೀಯ ಅಂಗಡಿಯಲ್ಲೇ ಇದೆ: ಹುಣಸೆ, ನುಗ್ಗೆ ಸೊಪ್ಪು, ಹಾಗಲಕಾಯಿ, ಹಸಿ ಅಲಸಂದೆ ಕಾಯಿ, ಹೆಸರುಕಾಳು.

ನಾಲ್ವರಿಗೆ ಸೀಗಡಿಯ ಸಿನಿಗಾಂಗ್ ಮಾಡುವ ಕ್ರಮ ಹೀಗೆ. ಅಕ್ಕಿ ತೊಳೆದ ಎರಡನೆಯ ನೀರನ್ನು ಒಂದೂವರೆ ಲೀಟರ್ ಎತ್ತಿಟ್ಟುಕೊಳ್ಳಿ. ಅದರಲ್ಲಿ ಎರಡು ಟೊಮೆಟೊ, ಒಂದು ಈರುಳ್ಳಿ ಹೆಚ್ಚಿ ಹಾಕಿ ಟೊಮೆಟೊ ಕರಗುವವರೆಗೆ ಕುದಿಸಿ. ನಿಂಬೆ ಗಾತ್ರದ ಎರಡು ಉಂಡೆ ಹುಣಸೆಯ ರಸ ಸೇರಿಸಿ. ನಮ್ಮ ಹುಣಸೆ ಹಣ್ಣಾದದ್ದು, ಕಂದು, ತುಸು ಸಿಹಿ. ಅವರು ಬಳಸುವುದು ಹಸಿರು ಹುಣಸೆಕಾಯಿ. ಆ ವ್ಯತ್ಯಾಸ ತುಂಬಲು ಹುಳಿಮಾವಿನ ಕಾಯಿಯ ನಾಲ್ಕು ಹೋಳು ಅಥವಾ ಸಿಕ್ಕರೆ ಬಿಂಬುಳಿ ಹಾಕಿ. ಬಿಂಬುಳಿಯನ್ನು ಅವರೂ ಕಾಮಿಯಾಸ್ ಎಂಬ ಹೆಸರಿನಲ್ಲಿ ಇದೇ ಸಾರಿಗೆ ಬಳಸುತ್ತಾರೆ.

ಮೂಲಂಗಿ ಮೊದಲು, ಐದು ನಿಮಿಷದ ಮೇಲೆ ಬದನೆ ಮತ್ತು ಅಲಸಂದೆ ಕಾಯಿ, ಅವು ಬೆಂದ ಮೇಲೆ ಅರ್ಧ ಕಿಲೊ ಸೀಗಡಿ. ಸೀಗಡಿಗೆ ಮೂರು ನಾಲ್ಕು ನಿಮಿಷ ಸಾಕು, ಹೆಚ್ಚಾದರೆ ರಬ್ಬರಾಗುತ್ತದೆ. ನಿಮ್ಮ ಕೈ ಸಾಸಿವೆ ಡಬ್ಬಿಯತ್ತ ಹೋಗುವ ಹೊತ್ತು ಇದು. ಒಗ್ಗರಣೆ ಬೇಡ, ಅರಿಶಿನ ಬೇಡ, ಕರಿಬೇವು ಬೇಡ. ಒಂದು ಹಾಕಿದರೂ ಅದು ನಮ್ಮ ಸಾರಾಗುತ್ತದೆ. ಪತಿಸ್ ಎರಡು ಚಮಚ ಹಾಕಿ ರುಚಿ ನೋಡಿ, ಸಾಲದಿದ್ದರೆ ಇನ್ನೊಂದು. ಎರಡು ಹಸಿಮೆಣಸಿನಕಾಯಿ ಸೀಳದೆ ಇಡಿಯಾಗಿ ಹಾಕಿ, ಮೇಲೊಂದು ಹಿಡಿ ಸೊಪ್ಪು. ಸೊಪ್ಪು ಬಾಡಿದ ಕ್ಷಣವೇ ಒಲೆ ಆರಿಸಿ, ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು, ಬಿಸಿ ಅನ್ನದ ಮೇಲೆ ಸುರಿಯಿರಿ.